ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ಬಿಟ್ಟುಬಿಡುತ್ತದೆಯೇ? ಗೂಡಿನ ಫೋಟೊ ತೆಗೆಯುವ ಮೊದಲು ಇದನ್ನು ಓದಿ

“ಮನುಷ್ಯರು ಮುಟ್ಟಿದರೆ ವಾಸನೆ ಹಿಡಿದು ತಾಯಿ ಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದೆ. ಮುಟ್ಟದೆ ಫೋಟೊ ತೆಗೆದರೆ ಏನೂ ಆಗುವುದಿಲ್ಲ.” ಬಾಯಿ ತೆರೆದ ಮರಿಗಳ ಚಿತ್ರದ ಜೊತೆ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಇದು ನಿಜವೇ?

ಚಿಕ್ಕ ಉತ್ತರ: ಎರಡು ಮಾತೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ.

ವಾಸನೆಯ ಕಥೆ

ಹಕ್ಕಿಗಳಿಗೆ ವಾಸನೆ ತಿಳಿಯುತ್ತದೆ. ಆದರೆ ಮನುಷ್ಯರ ವಾಸನೆ ಬಂತೆಂದು ಅವು ಮರಿಗಳನ್ನು ತೊರೆಯುವುದಿಲ್ಲ. ರೆಕ್ಕೆ ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗೆ ಇಡಬಹುದು, ತಾಯಿ ಸಾಮಾನ್ಯವಾಗಿ ಮತ್ತೆ ಗುಟುಕು ಕೊಡುತ್ತದೆ. ಮರಿಗೆ ಗಾಯವಾಗಿದ್ದರೆ ಕೆಂಗೇರಿ ಬಳಿಯ ಪೀಪಲ್ ಫಾರ್ ಆ್ಯನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕಡೆ ತಿಳಿಸಿ.

ಹಾಗಾದರೆ ಗೂಡು ಬಿಟ್ಟು ಹೋಗುವುದೇಕೆ?

ಭಯದಿಂದ. ಹಕ್ಕಿಗೆ ಹತ್ತಿರ ಬರುವ ಮುಖ, ಚಾಚಿದ ಕೈ, ಅದರಲ್ಲಿರುವ ಫೋನು ಎಲ್ಲವೂ ಶತ್ರುವೇ. ಗೂಡು ಕಟ್ಟುವಾಗ ಮತ್ತು ಮೊಟ್ಟೆ ಇಡುವಾಗ ಪದೇ ಪದೇ ತೊಂದರೆಯಾದರೆ ಹಕ್ಕಿ ಆ ಜಾಗವನ್ನೇ ಬಿಡಬಹುದು. ಕಾವು ಕೂತ ಹಕ್ಕಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ ಇಲ್ಲವೇ ಬಿಸಿಲಿಗೆ ಕಾಯುತ್ತದೆ. ಹಾರಲು ಇನ್ನೂ ಬಾರದ ಮರಿಗಳು ಬೆದರಿ ಹೊರಗೆ ಧುಮುಕುತ್ತವೆ. ಚೆನ್ನಾಗಿ ಕಾಣಲಿ ಎಂದು ಎಲೆ ಸರಿಸಿದರೆ ಕಾಗೆಗೂ ಚೆನ್ನಾಗಿಯೇ ಕಾಣುತ್ತದೆ!

ನಾವೂ ಈ ತಪ್ಪು ಮಾಡಿದ್ದೇವೆ. ಪದ್ಮನಾಭನಗರದ ಮನೆಯೊಂದರ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಸೂರಕ್ಕಿಯೊಂದು ಜೇಡರ ಬಲೆ, ನಾರು ತಂದು ಗೂಡು ನೇಯುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಫೋನ್ ಹಿಡಿದು ಹತ್ತಿರ ಹೋದೆವು. ಒಂದು ವಾರದಲ್ಲಿ ಹಕ್ಕಿ ಬರುವುದನ್ನೇ ನಿಲ್ಲಿಸಿತು. ನಮ್ಮಿಂದಲೇ ಹೋಯಿತೆಂದು ಸಾಬೀತು ಮಾಡಲಾಗದು. ಆದರೆ ಅರ್ಧ ಕಟ್ಟಿದ ಗೂಡು ಇನ್ನೂ ಅಲ್ಲೇ ತೂಗುತ್ತಿದೆ.

ಉದ್ದದ ಲೆನ್ಸ್ ಏಕೆ ಬೇಕು?

ಲೆಕ್ಕ ಸರಳ. ಫುಲ್ ಫ್ರೇಮ್ ಕ್ಯಾಮೆರಾಗೆ 500 ಮಿ.ಮೀ. ಲೆನ್ಸ್ ಹಾಕಿ 10 ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನಲ್ಲಿ ಸುಮಾರು 72 ಸೆಂ.ಮೀ. ಅಗಲದ ಜಾಗ ಕಾಣುತ್ತದೆ. ಸುಮಾರು 10 ಸೆಂ.ಮೀ. ಉದ್ದದ ಸೂರಕ್ಕಿ ಅದರಲ್ಲಿ ಏಳನೇ ಒಂದು ಭಾಗ ತುಂಬುತ್ತದೆ. ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಅಷ್ಟೇ ದೂರದಿಂದ ಸುಮಾರು 14 ಮೀಟರ್ ಅಗಲ ಕಾಣುತ್ತದೆ, ಹಕ್ಕಿ ಒಂದು ಚುಕ್ಕಿ. ಅದೇ ಚಿತ್ರ ಬೇಕೆಂದರೆ ಹಕ್ಕಿಯಿಂದ ಅರ್ಧ ಮೀಟರ್‌ಗೆ ಹೋಗಬೇಕು. ಡಿಜಿಟಲ್ ಜೂಮ್ ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ಹೊಸ ವಿವರ ಕೊಡುವುದಿಲ್ಲ.

ಅಂದರೆ ಉದ್ದದ ಲೆನ್ಸ್ ಕೊಡುವುದು ದೂರವನ್ನು. ಆ ದೂರದಲ್ಲಿ ಹಕ್ಕಿ ತನ್ನ ಪಾಡಿಗೆ ತಾನಿರುತ್ತದೆ. ಉಳಿದದ್ದು ತಾಳ್ಮೆಯ ಕೆಲಸ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ ಅಷ್ಟೇ. ಕಾಯದೆ ಬೇರೆ ದಾರಿಯೇ ಇರಲಿಲ್ಲ.

ನೀವೇನು ಮಾಡಬಹುದು?

• ಯಡಿಯೂರು ಕೆರೆಯಂಥ ಕಡೆ ಬೆಳಗ್ಗೆ ಒಂದೇ ಜಾಗದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಕದಲದೆ ಕೂತರೆ ಹಕ್ಕಿಗಳೇ ಹತ್ತಿರ ಬರುವುದುಂಟು.
• ಹಕ್ಕಿ ತಿನ್ನುವುದು ನಿಲ್ಲಿಸಿ ನಿಮ್ಮನ್ನೇ ದಿಟ್ಟಿಸಿದರೆ, ಒಂದೇ ಸಮನೆ ಕೂಗಿದರೆ, ಹಿಂದೆ ಸರಿಯಿರಿ.
• ಫ್ಲ್ಯಾಶ್ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.
• ಬಾಲ್ಕನಿಯಲ್ಲಿ ಗೂಡಿದ್ದರೆ ಕಿಟಕಿಯ ಒಳಗಿನಿಂದಲೇ ನೋಡಿ. ಗೂಡಿರುವ ಜಾಗದ ಲೊಕೇಶನ್ ಹಂಚಬೇಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡು ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ ಎಂಬುದು ನೆನಪಿರಲಿ.

ಮುಂದಿನ ಸಲ ಗೂಡಿನ ಕ್ಲೋಸಪ್ ಫೋಟೊ ಬಂದರೆ, ಫಾರ್ವರ್ಡ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆಗೆದವರು ಎಷ್ಟು ದೂರದಲ್ಲಿ ನಿಂತಿದ್ದರು?