ತೆಂಗಿನ ಚಿಪ್ಪಿನ ಇದ್ದಿಲಿಗೆ ಅಂಟುವ ಚಿನ್ನ

ಎಳೆ ಜೋಳದ ಮೇವಿನ ವಿಷ ದನ ಕಟ್ಟಿದವರಿಗೆಲ್ಲ ಗೊತ್ತು. ಮಳೆ ಕೈಕೊಟ್ಟು ಬಾಡಿದ ಪೈರು ಮೇಯ್ದ ಎಮ್ಮೆ ನಿಂತಲ್ಲೇ ಬಿದ್ದುಬಿಡುತ್ತದೆ. ಆ ವಿಷ ಸಯನೈಡ್ ಜಾತಿಯದು. ಅದಕ್ಕೆ ಚಿನ್ನ ಕರಗಿಸುವ ಗುಣವೂ ಉಂಟು.

ನಮ್ಮ ಲೋಂಡಾದಿಂದ ಬೆಂಗಳೂರಿಗೆ ಹೋಗಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹಿಡಿದರೆ ಬೂದು ಬಣ್ಣದ ಬೋಳು ದಿಬ್ಬಗಳು ಕಾಣುತ್ತವೆ. ಕಾಡು ನೋಡಿ ಬೆಳೆದ ನನಗೆ ಅವು ಗುಡ್ಡ ಅಂತಲೇ ಅನ್ನಿಸಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1880ರಿಂದ ಕಲ್ಲು ಅರೆದು, ಚಿನ್ನ ತೆಗೆದು, ಉಳಿದ ಪುಡಿ ಸುರಿದ ರಾಶಿಗಳವು. ಅಲ್ಲಿಯವರಿಗೆ 'ಸಯನೈಡ್ ಗುಡ್ಡ'. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ರಾಶಿ ಉಳಿಯಿತು, ಸುಮಾರು 3.3 ಕೋಟಿ ಟನ್.

ಒಂದು ಟನ್ ಪುಡಿಯಲ್ಲಿ ಒಂದು ಗ್ರಾಂ ಚಿನ್ನವೂ ಇಲ್ಲ. ಆದರೂ ಲೆಕ್ಕ ಕೂಡುತ್ತದೆ. ಮೂರು ಕಿಲೋಮೀಟರು ಆಳಕ್ಕೆ ಇಳಿಯುವ ಖರ್ಚಿಲ್ಲ, ಕಲ್ಲು ಆಗಲೇ ಅರೆದಾಗಿದೆ. ಪುಡಿಯನ್ನು ನೀರಲ್ಲಿ ಕಲಸಿ ಮೊದಲು ಸುಣ್ಣ ಹಾಕುತ್ತಾರೆ. ಸುಣ್ಣ ಕಡಿಮೆಯಾದರೆ ಸಯನೈಡ್ ವಿಷಗಾಳಿಯಾಗಿ ಏಳುತ್ತದೆ. ಗಾಳಿ ಊದುತ್ತಾ ಸಯನೈಡ್ ದ್ರಾವಣದಲ್ಲಿ ಕಲಕಿದಾಗ ಚಿನ್ನ ಕರಗುತ್ತದೆ. ಕರಗಿದ್ದನ್ನು ಹಿಡಿಯಲು ಹಿಂದೆ ಸತುವಿನ ಪುಡಿ ಬಳಸುತ್ತಿದ್ದರು. ಈಗ ಹೆಚ್ಚಾಗಿ ಬಳಸುವುದು, ಕೇಳಿದರೆ ನಗು ಬಂದೀತು, ನಾವು ಒಲೆಗೆ ಹಾಕುವ ತೆಂಗಿನ ಚಿಪ್ಪಿನಿಂದ ಮಾಡಿದ ಇದ್ದಿಲು! ಹಬೆಯಲ್ಲಿ ಹದ ಮಾಡಿದ ಆ ಗಟ್ಟಿ ಇದ್ದಿಲಿನ ಸಣ್ಣ ರಂಧ್ರಗಳಿಗೆ ಚಿನ್ನ ಅಂಟಿಕೊಳ್ಳುತ್ತದೆ. ಕಪ್ಪತಗುಡ್ಡದ ಜಾಲಗಾರರು ಹಳ್ಳದ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದರಲ್ಲ, ಅವರಿಗೆ ಬೇಕಾದ್ದು ಮರದ ಮರಿಗೆ, ನೀರು, ತಾಳ್ಮೆ ಅಷ್ಟೇ. ಇದು ಕಾರ್ಖಾನೆಯವರ ಕೆಲಸ, ಮನೆಯಲ್ಲಿ ಮಾಡೋದಲ್ಲ.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ ದಿಬ್ಬಗಳಿಂದ ಚಿನ್ನ ತೆಗೆಯಲು ಒಪ್ಪಿತು. ಸುತ್ತಲಿನ ರೈತರ ಪಾಲಿಗೆ ಚಿನ್ನಕ್ಕಿಂತ ದೊಡ್ಡದು ಧೂಳು. ಹಳೇ ಸಯನೈಡ್ ಬಿಸಿಲು ಗಾಳಿಗೆ ಬಹುಪಾಲು ಕರಗಿಹೋಗುತ್ತದೆ. ನುಣ್ಣನೆ ಕಲ್ಲಿನ ಪುಡಿ ಎಲ್ಲಿಗೆ ಹೋದೀತು? ಗಾಳಿ ಬೀಸಿದರೆ ಎಲೆ ಮೇಲೆ, ಮಳೆ ಬಂದರೆ ಕೆರೆಗೆ. ಉಸಿರಿನಲ್ಲಿ ಹೊಕ್ಕರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್. ಗಣಿ ಕಾರ್ಮಿಕರು ಅದನ್ನು ಉಂಡಿದ್ದಾರೆ. ಅಗೆಯುವಾಗ ರಾಶಿಗೆ ನೀರು ಹೊಡೆಯುತ್ತಲೇ ಇರಬೇಕು.

ನನ್ನ ಕೇಳಿದರೆ, ಮೊದಲ ಪುಟ್ಟಿ ಮಣ್ಣು ಎತ್ತುವ ಮುಂಚೆಯೇ ಸುತ್ತಲಿನ ಬಾವಿ, ಕೊಳವೆಬಾವಿ, ಕೆರೆಗಳ ನೀರು ಪರೀಕ್ಷೆಯಾಗಿ, ಆ ಕಾಗದ ಗ್ರಾಮ ಪಂಚಾಯ್ತಿಯಲ್ಲಿ ಇರಬೇಕು. ಇಲ್ಲವಾದರೆ ನಾಳೆ ನೀರು ಕೆಟ್ಟಿತು ಅಂದಾಗ, "ಅದು ಮೊದಲಿಂದಲೂ ಹಾಗೇ ಇತ್ತು" ಅಂತಾರೆ.