ರಂಧಾ ಹಿಡಿಯುವ ಮೊದಲು ಬಿಜಾಗರಿ ನೋಡಿ

ಮುಂಬಯಿಯಲ್ಲಿ ಮಳೆ ಹಿಡಿದು ಹದಿನೈದು ದಿನವಾದರೆ ಸಾಕು, ಹಳೆಯ ಕಟ್ಟಡಗಳ ಮರದ ಕಿಟಕಿಗಳು ಮೊಂಡು ಹಿಡಿಯುತ್ತವೆ. ಹೊರಕ್ಕೆ ತೆರೆಯುವ ಜೋಡಿ ಬಾಗಿಲಿನ ಕಿಟಕಿ ಮಾಟುಂಗಾ, ದಾದರ್, ಗಿರ್‌ಗಾಂವ್ ಕಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಎಳೆದರೆ ಕೆಳಮೂಲೆ ಚೌಕಟ್ಟಿಗೆ ಉಜ್ಜುತ್ತದೆ, ಚಿಲಕ ತೂತಿಗೆ ಕೂರುವುದಿಲ್ಲ. ಬಡಗಿ ಬಂದವನೇ ರಂಧಾ ತೆಗೆಯುತ್ತಾನೆ. ಅಂದರೆ ನಮ್ಮ ಉಜ್ಜುಗೊರಡು. ನಾನಂತೂ ಅಲ್ಲೇ ತಡೆಯುತ್ತೇನೆ.

ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಮಳೆ ಮುಗಿದು ಒಣಗಿದಾಗ ಕುಗ್ಗುತ್ತದೆ. ಜುಲೈಯಲ್ಲಿ ಕೆರೆದು ತೆಗೆದ ಮರ ಮತ್ತೆ ಬರುವುದಿಲ್ಲ. ಡಿಸೆಂಬರಿಗೆ ಅಲ್ಲಿ ಸಂದು ಬೀಳುತ್ತದೆ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ಬಾಗಿಲನ್ನು ಅರ್ಧ ತೆರೆದು, ಚಿಲಕದ ಬದಿಯನ್ನು ಮೆಲ್ಲಗೆ ಮೇಲೆತ್ತಿ. ಮೇಲಿನ ಬಿಜಾಗರಿ ಅಲುಗಿದರೆ ಬಾಗಿಲು ಜೋತಿದೆ ಎಂದರ್ಥ. ಬಾಗಿಲಿನ ಭಾರ ಮೇಲಿನ ಬಿಜಾಗರಿಯನ್ನು ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಒಳಗೆ ಒತ್ತುತ್ತದೆ. ಹಾಗಾಗಿ ಸಡಿಲವಾಗುವುದು ಹೆಚ್ಚಾಗಿ ಮೇಲಿನದೇ.

ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ಅದನ್ನು ಬಿಚ್ಚಿ. ಉರಿದುಳಿದ ಊದುಬತ್ತಿಯ ಬಿದಿರುಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುಂಬಿ, ಹೊರಗೆ ಉಳಿದದ್ದನ್ನು ಕತ್ತರಿಸಿ. ಒಂದು ದಿನ ಒಣಗಲಿ. ಆಮೇಲೆ ಸಣ್ಣ ತೂತು ಕೊರೆದು, ಮೊದಲಿನದಕ್ಕಿಂತ ಅರ್ಧ ಇಂಚು ಉದ್ದದ ಸ್ಕ್ರೂ ಹಾಕಿ.

ಬಿಜಾಗರಿ ಗಟ್ಟಿಯಿದ್ದೂ ಮೂಲೆ ಉಜ್ಜಿದರೆ, ಕೆಳಗಿನ ಬಿಜಾಗರಿಯ ಹಿಂದೆ ತೆಳು ರಟ್ಟಿನ ತುಂಡು ಕೊಡಿ. ಚಿಲಕದ ಬದಿ ಕೂದಲೆಳೆಯಷ್ಟು ಮೇಲೇಳುತ್ತದೆ, ಅಷ್ಟೇ ಸಾಕು. ಅದಕ್ಕೂ ಸರಿಹೋಗದಿದ್ದರೆ ಬಾಗಿಲಿನ ಎರಡು ಕರ್ಣಗಳನ್ನು ಅಳೆಯಿರಿ. ಅಳತೆ ಬೇರೆ ಬೇರೆ ಬಂದರೆ ಮೂಲೆಯ ಜೋಡಣೆ ಬಿಟ್ಟಿದೆ. ಅಂಟು ಹಾಕಿ, ಚೌಕಕ್ಕೆ ತಂದು, ಎಲ್ ಪಟ್ಟಿ ಬಡಿಸಬೇಕು.

ಒಂದು ಎಚ್ಚರಿಕೆ. ಗಾಜು ಸೇರಿದ ಬಾಗಿಲು ಭಾರ. ಅದರ ಕೆಳಗೆ ಜನ ಓಡಾಡುವ ರಸ್ತೆ. ಸ್ಕ್ರೂ ಮುಟ್ಟುವ ಮೊದಲು ಬಾಗಿಲನ್ನು ಗ್ರಿಲ್ಲಿಗೆ ಹಗ್ಗದಿಂದ ಕಟ್ಟಿ, ಇನ್ನೊಬ್ಬರು ಹಿಡಿದುಕೊಳ್ಳಲಿ. ಬಿಜಾಗರಿ ತುಕ್ಕು ತಿಂದಿದ್ದರೆ, ಮರ ಬೆರಳಿಗೆ ಪುಡಿಯಾದರೆ ನೀವು ಕೈ ಹಾಕಬೇಡಿ, ಬಡಗಿಯನ್ನೇ ಕರೆಸಿ. ಬಾಡಿಗೆ ಮನೆಯಾದರೂ "ನಮ್ಮದಲ್ಲವಲ್ಲ" ಎಂದು ಬಿಡುವ ಕೆಲಸ ಇದಲ್ಲ. ಮಾಲೀಕರಿಗೆ ಅಂದೇ ತಿಳಿಸಿ.

ಇಷ್ಟಾದ ಮೇಲೂ ಉಜ್ಜಿದರೆ ಮರ ಒಣಗುವವರೆಗೆ ಕಾಯಿರಿ. ಆಗ ರಂಧಾ ಹಾಕಿಸಿ, ಕೆರೆದ ಅಂಚಿಗೆ ಅಂದೇ ಬಣ್ಣ ಬಳಿಸಿ. ಬರಿಯ ಮರ ಮುಂದಿನ ಮಳೆಯನ್ನು ಮತ್ತೆ ಕುಡಿಯುತ್ತದೆ.