ವೆಂಟಿಲೇಟರ್ ತೆಗೆಸಿದರೆ ಪಾಪವೇ?

ಐಸಿಯು ಹೊರಗೆ ಕಾದು ಕುಳಿತ ಕ್ರೈಸ್ತ ಕುಟುಂಬಗಳು ಫಾದರ್ ಹತ್ತಿರ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: ‘ಇನ್ನು ಆಸೆಯಿಲ್ಲ ಅಂತ ಡಾಕ್ಟರ್ ಹೇಳಿಬಿಟ್ಟರು. ವೆಂಟಿಲೇಟರ್ ತೆಗೆಸಿದರೆ ನಮಗೆ ಪಾಪ ಬರುತ್ತದೆಯಾ?’ ಜೀವ ಕೊಟ್ಟವನೂ ಕರೆದುಕೊಳ್ಳುವವನೂ ದೇವರೇ ಎಂದು ನಂಬಿದವರಿಗೆ ಈ ಅಳುಕು ಸಹಜ. ಆದರೆ ಕಥೋಲಿಕ ಧರ್ಮಸಭೆ ಇದಕ್ಕೆ 1957ರಲ್ಲೇ ಉತ್ತರಿಸಿದೆ. ಆ ಉತ್ತರ ನಮ್ಮ ಎಷ್ಟೋ ಮನೆಗಳನ್ನು ಇನ್ನೂ ತಲುಪಿಲ್ಲ.

ಆಗ ಉಸಿರಾಟದ ಯಂತ್ರ ಆಸ್ಪತ್ರೆಗಳಿಗೆ ಹೊಸದು. ಪ್ರಜ್ಞೆ ಮರಳುವ ಭರವಸೆಯೇ ಇಲ್ಲದ ರೋಗಿಗೂ ಅದನ್ನು ಹಾಕಲೇಬೇಕೇ, ಹಾಕಿದ್ದನ್ನು ತೆಗೆಯಬಹುದೇ ಎಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಅರಿವಳಿಕೆ ತಜ್ಞ ಬ್ರೂನೋ ಹೈಡ್ ಕೇಳಿದ್ದರು. ನವೆಂಬರ್ 24ರಂದು ಪೋಪ್ 12ನೇ ಪಿಯುಸ್ ವೈದ್ಯರ ಮುಂದೆ ಉತ್ತರ ಕೊಟ್ಟರು. ಜೀವ ಉಳಿಸಿಕೊಳ್ಳಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ. ತನಗೂ ತನ್ನವರಿಗೂ ಮಿತಿಮೀರಿದ ಹೊರೆಯಾಗುವ ಉಪಾಯಗಳನ್ನು ಬಳಸಲೇಬೇಕೆಂದಿಲ್ಲ. ಅಂಥ ಸ್ಥಿತಿಯಲ್ಲಿ ಯಂತ್ರ ನಿಲ್ಲಿಸಿ ಎಂದು ಮನೆಯವರು ಕೇಳಬಹುದು, ವೈದ್ಯರು ಒಪ್ಪಬಹುದು. ಅದು ದಯಾಮರಣವಲ್ಲ.

ಈ ವಿಚಾರದ ಬೇರು ಇನ್ನೂ ಹಳೆಯದು. 16ನೇ ಶತಮಾನದಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಪಾಠ ಹೇಳುತ್ತಿದ್ದ ಡೊಮಿನಿಕನ್ ಗುರು ಫ್ರಾನ್ಸಿಸ್ಕೋ ದೆ ವಿಟೋರಿಯಾ, ವೈದ್ಯರು ಕೋಳಿಮಾಂಸವನ್ನೇ ತಿನ್ನಬೇಕೆಂದರೂ ರೋಗಿ ಅಂಥ ದುಬಾರಿ ಆಹಾರ ಹೊಂದಿಸಲೇಬೇಕಿಲ್ಲ ಎಂದಿದ್ದರು. ಔಷಧಕ್ಕಾಗಿ ಇದ್ದಬದ್ದ ಆಸ್ತಿಯನ್ನೆಲ್ಲ ಕಳೆದುಕೊಳ್ಳಬೇಕಾಗಿಲ್ಲ ಎಂದೂ ಹೇಳಿದ್ದರು. ಹಣದ ಮಾತನ್ನು ಧರ್ಮದ ಲೆಕ್ಕಕ್ಕೆ ತಂದ ಈ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ತೋಟ ಅಡವಿಟ್ಟು, ಮಗಳ ಮದುವೆಗೆ ಕೂಡಿಟ್ಟದ್ದನ್ನು ತೆಗೆದು ಐಸಿಯು ಬಿಲ್ ಕಟ್ಟುವವರಿದ್ದಾರೆ. ಖರ್ಚಿನ ಮಾತೆತ್ತಿದರೆ ಅಪ್ಪನ ಮೇಲೆ ಪ್ರೀತಿಯಿಲ್ಲ ಎಂದಾಗುತ್ತದೆ ಎಂಬ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಹಾಗೆಂದು, ವಾಸಿಯಾಗುವ ಕಾಯಿಲೆಗೂ ಬಡವನಿಗೆ ಚಿಕಿತ್ಸೆ ಸಿಗದಿರುವುದನ್ನು ಈ ತರ್ಕದಿಂದ ಸಮರ್ಥಿಸಲಾಗದು. ಇದು ರೋಗಿಗೂ ಕುಟುಂಬಕ್ಕೂ ಕೊಟ್ಟ ವಿನಾಯಿತಿ, ಸರ್ಕಾರಕ್ಕೆ ಕೊಟ್ಟದ್ದಲ್ಲ.

ಅನ್ನ, ನೀರಿನ ಮಾತು ಬೇರೆ. ಪ್ರಜ್ಞೆಯಿಲ್ಲದವರಿಗೆ ನಳಿಕೆಯ ಮೂಲಕ ಆಹಾರ ಕೊಡುವುದು ತಾತ್ವಿಕವಾಗಿ ಸಾಮಾನ್ಯ ಆರೈಕೆಯೇ ಎಂದು ಪೋಪ್ ಎರಡನೇ ಜಾನ್ ಪಾಲ್ 2004ರಲ್ಲಿ ಹೇಳಿದರು. ಕ್ರೈಸ್ತರೆಲ್ಲ ಇದನ್ನು ಒಪ್ಪಿಲ್ಲ. ನನಗೆ ಇಲ್ಲಿ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ನೆನಪಾಗುತ್ತಾರೆ. 1973ರಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡ ಅವರನ್ನು ಮುಂಬೈನ ಕೆಇಎಂ ಆಸ್ಪತ್ರೆಯ ನರ್ಸ್‌ಗಳು 2015ರವರೆಗೆ ನೋಡಿಕೊಂಡರು. ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಆ ನರ್ಸ್‌ಗಳು ಧರ್ಮಶಾಸ್ತ್ರ ಓದಿ ತುತ್ತು ಕೊಟ್ಟವರಲ್ಲ. ಆದರೂ ಜಾನ್ ಪಾಲ್ ಹೇಳಿದ್ದನ್ನು ಅವರಿಗಿಂತ ಚೆನ್ನಾಗಿ ಬಾಳಿ ತೋರಿಸಿದವರು ಕಡಿಮೆ. ಅದೇ ಪೋಪ್ 2005ರಲ್ಲಿ ತಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಮರಳದೆ ವ್ಯಾಟಿಕನ್‌ನ ತಮ್ಮ ಕೋಣೆಯಲ್ಲೇ ಉಳಿದರು.

ಯಂತ್ರ ಬೇಡವೆಂದ ಮೇಲೆ ಉಳಿಯುವುದು ನೋವು. ನೋವು ತಗ್ಗಿಸುವ ಔಷಧದಿಂದ ಆಯಸ್ಸು ಸ್ವಲ್ಪ ಕುಗ್ಗಬಹುದಾದರೂ, ಬೇರೆ ದಾರಿಯಿಲ್ಲದಿದ್ದಾಗ ಅದನ್ನು ಕೊಡಬಹುದೆಂದು ಪಿಯುಸ್ ಅದೇ ವರ್ಷ ಹೇಳಿದ್ದರು. ಅದನ್ನು ವೈದ್ಯಶಾಸ್ತ್ರವಾಗಿ ಬೆಳೆಸಿದವರು ಆಂಗ್ಲಿಕನ್ ಶ್ರದ್ಧೆಯ ಸಿಸಿಲಿ ಸಾಂಡರ್ಸ್. ನರ್ಸ್ ಆಗಿದ್ದವರು ಮುಂದೆ ಡಾಕ್ಟರಾಗಿ, 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ಕೆರಳಿದ ಮೇಲಲ್ಲ, ಕೆರಳುವ ಮೊದಲೇ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡಬೇಕೆಂಬುದು ಅವರ ಪಟ್ಟು. ದಯಾಮರಣವನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಆ ವಿರೋಧಕ್ಕೆ ಬೆಲೆ ಬಂದದ್ದು ಅವರು ನೋವಿಗೆ ಮದ್ದು ಕೊಟ್ಟದ್ದರಿಂದ. ನರಳುವವನ ಮುಂದೆ ಬರೀ ಉಪದೇಶ ಮಾಡಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಭಾರತದ ಮೊದಲ ಹಾಸ್ಪೈಸ್, ಮುಂಬೈ ಬಾಂದ್ರಾದ ಶಾಂತಿ ಅವೇದನಾ ಸದನ, 1986ರಲ್ಲಿ ಕಥೋಲಿಕ ಸಿಸ್ಟರ್‌ಗಳ ಸೇವೆಯಿಂದಲೇ ಶುರುವಾಯಿತು. ಆದರೆ 1985ರ ಮಾದಕವಸ್ತು ಕಾನೂನಿನ ಲೈಸೆನ್ಸ್ ತೊಡಕಿಗೆ ಬೇಸತ್ತು ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಬಂದರೂ ಅಳುಕು ಪೂರ್ತಿ ಹೋಗಿಲ್ಲ. ಮಾರ್ಫಿನ್ ಒದಗಿಸುವುದರಲ್ಲಿ ಕ್ರೈಸ್ತ ಆಸ್ಪತ್ರೆಗಳು ಎಲ್ಲರಿಗಿಂತ ಮುಂದಿರಬೇಕು.

2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಚೇತರಿಸಲಾಗದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು ಸುತ್ತೋಲೆಯಲ್ಲಿ ತಿಳಿಸಿತು. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಪ್ರಜ್ಞೆ ಇರುವಾಗಲೇ ತಮ್ಮ ಇಚ್ಛೆ ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ರುಜು ಸಾಕು. ಮದುವೆಗೆ ಮುಂಚೆ ಜೋಡಿಗಳನ್ನು ಕೂರಿಸಿ ತರಬೇತಿ ಕೊಡುವ ನಮ್ಮ ಚರ್ಚುಗಳು ಈ ಪತ್ರವನ್ನೂ ಕೈಗಿಟ್ಟು, ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಹಿರಿಯರ ಜೊತೆ ಕೂತು ವಿವರಿಸಬಾರದೇಕೆ?